ಈ ಫೋಟೊ ಯುರೇಯ ಮರುಸಮಾಧಿಯದ್ದೇ?

ಪ್ರಶ್ನೆ: ಕುಟುಂಬದ ಹಳೆಯ ಫೋಟೊವೊಂದರ ಹಿಂದೆ ‘ಚೀಫ್ ಯುರೇ ಅಂತ್ಯಕ್ರಿಯೆ, 1880’ ಎಂದು ಬರೆದಿದೆ. ನಂಬಬಹುದೇ?

ಇಸವಿಯನ್ನು ನಂಬಬೇಡಿ. ಅಮೆರಿಕದ ಮೂಲನಿವಾಸಿಗಳಾದ ಯೂಟ್ ಜನರ ನಾಯಕ ಯುರೇ ಕೊಲರಾಡೊ ರಾಜ್ಯದ ಇಗ್ನಾಸಿಯೊ ಬಳಿ ತೀರಿಕೊಂಡದ್ದು 1880ರ ಆಗಸ್ಟ್ 24ರಂದು, ನಿಜ. ಆದರೆ ಅವರನ್ನು ಮಣ್ಣು ಮಾಡಿದ್ದು ಗುಟ್ಟಾಗಿ, ಕಲ್ಲುಬಂಡೆಗಳ ನಡುವೆ. ಜನ ನೆರೆದು ಕ್ರಿಯೆ ನಡೆದದ್ದು 45 ವರ್ಷಗಳ ಬಳಿಕ, 1925ರ ಮೇ ತಿಂಗಳಲ್ಲಿ. ಆಗ ಅಸ್ಥಿಗಳನ್ನು ಇಗ್ನಾಸಿಯೊದ ಸ್ಮಶಾನಕ್ಕೆ ತಂದರು. ಯೂಟ್ ನಾಯಕ ಬಕ್‌ಸ್ಕಿನ್ ಚಾರ್ಲಿ ಮುಂದೆ ನಿಂತು ನಡೆಸಿದರು. ಫೋಟೊದಲ್ಲಿ ಮೋಟಾರು ಕಾರು ಕಂಡರಂತೂ 1880ರ ಮಾತೇ ಬೇಡ.

ಹೆಚ್ಚಿನವರು ಎಡವುವುದು ಬೇರೆ ಕಡೆ. ಅದೇ 1925ರ ಮಾರ್ಚ್‌ನಲ್ಲಿ ಯುರೇಯ ಹೆಂಡತಿ ಚಿಪೀಟಾಗೂ ಮರುಸಮಾಧಿ ಆಯಿತು. ಅವರು 1924ರಲ್ಲಿ ಯೂಟಾ ರಾಜ್ಯದಲ್ಲಿ ತೀರಿಕೊಂಡಿದ್ದರು. ದೇಹವನ್ನು ಕೊಲರಾಡೊದ ಮಾಂಟ್ರೋಸ್ ಬಳಿ ದಂಪತಿಯ ಹಳೆಯ ಹೊಲಕ್ಕೆ ತಂದರು. ಎರಡು ಊರು, ಎರಡು ತಿಂಗಳ ಅಂತರ. ಮರಗಳು ಬೋಳಾಗಿವೆಯೇ ಚಿಗುರಿವೆಯೇ, ಜನ ದಪ್ಪ ಕೋಟು ತೊಟ್ಟಿದ್ದಾರೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಗಂಡನ ಹೆಸರು ಹೆಚ್ಚು ಪ್ರಸಿದ್ಧವಾದ್ದರಿಂದ ಚಿಪೀಟಾಳ ಫೋಟೊಕ್ಕೂ ಅದೇ ಹೆಸರು ಅಂಟಿಕೊಳ್ಳುವುದು ಸುಲಭ.

ಕಾಗದವೂ ಸಾಕ್ಷಿ ಹೇಳುತ್ತದೆ. ಪೋಸ್ಟ್‌ಕಾರ್ಡ್ ಆಗಿದ್ದರೆ ಅಂಚೆಚೀಟಿಯ ಚೌಕ ನೋಡಿ: ಫೋಟೊ ಕಾಗದದ ಹೆಸರಾದ ‘AZO’ (ಅಜೋ) ಎಂಬ ಅಕ್ಷರಗಳ ಸುತ್ತ ಎರಡು ತ್ರಿಕೋನ ಮೇಲ್ಮುಖ, ಎರಡು ಕೆಳಮುಖ ಇದ್ದರೆ ಆ ಕಾಗದ ಸುಮಾರು 1918–1930ರದು. ನಾಲ್ಕೂ ಮೇಲ್ಮುಖವಾಗಿದ್ದರೆ ಅದಕ್ಕಿಂತ ಹಳೆಯದು. ಕೊಡಾಕ್‌ನ ಆಟೊಗ್ರಾಫಿಕ್ ಕ್ಯಾಮೆರಾದಲ್ಲಿ (1914ರಿಂದ) ಫೋಟೊ ತೆಗೆದವರೇ ಫಿಲ್ಮ್ ಮೇಲೆ ಕಡ್ಡಿಯಿಂದ ತಾರೀಖು ಬರೆಯಬಹುದಿತ್ತು. ಅದು ಪ್ರಿಂಟಿನ ಅಂಚಿನಲ್ಲಿ ಮೂಡಿರುತ್ತದೆ. ಹಿಂಬದಿಯ ಪೆನ್ಸಿಲ್ ಬರಹಕ್ಕಿಂತ ಇದಕ್ಕೆ ತೂಕ ಹೆಚ್ಚು, ಏಕೆಂದರೆ ಹಿಂಬದಿಯ ಬರಹವನ್ನು ಯಾರು, ಯಾವಾಗ ಬೇಕಾದರೂ ಸೇರಿಸಬಹುದು.

ಹಾಗೆಂದು ತಪ್ಪು ಬರಹವನ್ನು ಅಳಿಸಬೇಡಿ, ಅದೂ ದಾಖಲೆಯೇ. ಎರಡೂ ಬದಿಯನ್ನು 600 ಪಿಪಿಐಯಲ್ಲಿ (ಇಂಚಿಗೆ 600 ಚಿತ್ರಬಿಂದು) ಸ್ಕ್ಯಾನ್ ಮಾಡಿ, ಟಿಫ್ (TIFF) ಕಡತವಾಗಿ ಇಡಿ. ಆಲ್ಬಮ್‌ಗೆ ಅಂಟಿದ್ದರೆ ಕೀಳಬೇಡಿ. ಕಾಗದ ಪದರ ಬಿಟ್ಟು ಹಿಂದಿನ ಬರಹವೇ ಹೋದೀತು. ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ. ಪಿವಿಸಿ ಹಾಳೆ ಬೇಡ, ಅದರಿಂದ ಹೊರಡುವ ಅನಿಲ ಚಿತ್ರವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಲಕೋಟೆ ಬಳಸಿ.

ಚಿತ್ರದಲ್ಲಿ ಅಸ್ಥಿಯೋ ತೆರೆದ ಪೆಟ್ಟಿಗೆಯೋ ಕಂಡರೆ ಎಲ್ಲಿಯೂ ಹಂಚಬೇಡಿ. ಇಗ್ನಾಸಿಯೊದಲ್ಲಿರುವ ಸದರ್ನ್ ಯೂಟ್ ಬುಡಕಟ್ಟಿನ ಸಾಂಸ್ಕೃತಿಕ ಕೇಂದ್ರವನ್ನು ಮೊದಲು ಕೇಳಿ. ಅದು ಅವರ ಹಿರಿಯರ ದೇಹ. ತೋರಿಸಬಹುದೇ ಎಂದು ಹೇಳಬೇಕಾದವರು ಅವರೇ.