ಬೀಪ್ ಸದ್ದಿಗೆ ಮೆದುಳು ಕೊಡುವ ಉತ್ತರ: ಸೈಕೋಸಿಸ್ ಮುನ್ಸೂಚನೆಯ ಹುಡುಕಾಟ ನಡೆದು ಬಂದ ದಾರಿ

ಇಲ್ಲದ ದನಿ ಕೇಳಿಸುವ, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬುವ ಸೈಕೋಸಿಸ್‌ನಂಥ ತೀವ್ರ ಮಾನಸಿಕ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಮೊದಲೇ ಮೆದುಳಿನ ಅಲೆಗಳನ್ನು ನೋಡಿ ಅದನ್ನು ಗುರುತಿಸಬಹುದು ಎಂಬ ಸುದ್ದಿ ಒಂದಲ್ಲ ಒಂದು ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅದನ್ನು ಓದಿದ ತಂದೆತಾಯಿಯರು ಮನೆಯ ಕಿರಿಯವನನ್ನು ಕರೆದುಕೊಂಡು ಬಂದು, "ಇವನ ಅಣ್ಣನಿಗೆ ಬಂದದ್ದು ಇವನಿಗೂ ಬರುತ್ತದೆಯೇ, ತಲೆಗೆ ವೈರು ಹಾಕಿ ನೋಡಿದರೆ ತಿಳಿಯುವುದಿಲ್ಲವೇ ಡಾಕ್ಟ್ರೇ?" ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಏಕಿಲ್ಲ ಎಂದು ತಿಳಿಯಬೇಕಾದರೆ ಬಹುಕಾಲ ಬೇರೆ ಬೇರೆಯಾಗಿ ನಡೆದು, ಆಮೇಲೆ ಒಂದು ಕಡೆ ಕೂಡಿಕೊಂಡ ಎರಡು ಕಥೆಗಳನ್ನು ನೋಡಬೇಕು. ಒಂದು ಪ್ರಯೋಗಾಲಯದ ಕಥೆ, ಇನ್ನೊಂದು ಚಿಕಿತ್ಸಾಲಯದ್ದು.

ಮೊದಲು ಪರೀಕ್ಷೆ ಹೇಗಿರುತ್ತದೆಂಬುದನ್ನು ನೋಡೋಣ. ಕುರ್ಚಿಯಲ್ಲಿ ಕುಳಿತವರ ತಲೆಗೆ ಈಜುವವರು ಹಾಕಿಕೊಳ್ಳುವಂಥ ಬಿಗಿಯಾದ ಟೋಪಿಯೊಂದನ್ನು ತೊಡಿಸುತ್ತಾರೆ. ಅದರ ತುಂಬ ಮೆದುಳಿನ ವಿದ್ಯುತ್ತನ್ನು ಹಿಡಿಯುವ ಪುಟ್ಟ ಎಲೆಕ್ಟ್ರೋಡ್‌ಗಳಿರುತ್ತವೆ. ಕೂದಲನ್ನು ಸರಿಸಿ, ಒಂದೊಂದು ಎಲೆಕ್ಟ್ರೋಡಿನ ಅಡಿಗೂ ಮೊಂಡು ತುದಿಯ ಸಿರಿಂಜಿನಿಂದ ತಣ್ಣನೆಯ ಜೆಲ್ ತುಂಬುತ್ತಾರೆ. ಈ ತಯಾರಿಗೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಬಳಿಕ ಎದುರಿನ ಪರದೆಯ ಮೇಲೆ ಸದ್ದಿಲ್ಲದ ಸಿನಿಮಾ ಹಾಕಿ, ಅದನ್ನು ನೋಡುತ್ತಿರಿ, ಕಿವಿಗೆ ಬೀಳುವುದರ ಕಡೆ ಗಮನ ಕೊಡಬೇಡಿ ಎಂದು ಹೇಳುತ್ತಾರೆ. ಇಯರ್‌ಫೋನಿನಲ್ಲಿ ಅರ್ಧ ಸೆಕೆಂಡಿಗೊಂದರಂತೆ ಬೀಪ್ ಸದ್ದು ಬರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಒಂದೊಂದು ಬೀಪ್ 50 ಮಿಲಿಸೆಕೆಂಡಿನದು. ನಡುನಡುವೆ, ಹತ್ತರಲ್ಲಿ ಒಂದರಂತೆ, 100 ಮಿಲಿಸೆಕೆಂಡಿನ ಬೀಪ್ ನುಸುಳುತ್ತದೆ. ಸಿನಿಮಾದಲ್ಲಿ ಮುಳುಗಿದವರಿಗೆ ಈ ವ್ಯತ್ಯಾಸ ಗೊತ್ತಾಗದೆಯೂ ಹೋಗಬಹುದು, ಆದರೆ ಮೆದುಳಿಗೆ ಗೊತ್ತಾಗುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಕೇಳಿಸುವುದೇ ಇಲ್ಲ, ಅದರ ಲಯ ತಪ್ಪಿದ ಕ್ಷಣ ಮಾತ್ರ ಥಟ್ಟನೆ ಕಿವಿ ನಿಮಿರುತ್ತದೆಯಲ್ಲ, ಹಾಗೆ. ಲಯ ತಪ್ಪಿದ 100ರಿಂದ 250 ಮಿಲಿಸೆಕೆಂಡಿನೊಳಗೆ, ನೆತ್ತಿಯ ಮುಂಭಾಗದ ಎಲೆಕ್ಟ್ರೋಡ್‌ಗಳಲ್ಲಿ ಕೆಲವೇ ಮೈಕ್ರೋವೋಲ್ಟ್‌ಗಳ ಋಣಾತ್ಮಕ ಅಲೆಯೊಂದು ದಾಖಲಾಗುತ್ತದೆ. ಒಂದು ಸಲದ ದಾಖಲೆಯಲ್ಲಿ ಅದು ಮೆದುಳಿನ ಉಳಿದ ಗದ್ದಲದೊಳಗೆ ಹೂತುಹೋಗಿರುತ್ತದೆ. ನೂರಾರು ಸಲದ ದಾಖಲೆಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದಾಗಲೇ ಅದು ಮೇಲೆದ್ದು ಕಾಣುವುದು. ಇದರ ಹೆಸರು ಮಿಸ್‌ಮ್ಯಾಚ್ ನೆಗೆಟಿವಿಟಿ, ಚಿಕ್ಕದಾಗಿ ಎಂಎಂಎನ್.

ಮನುಷ್ಯನ ಮೆದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದ ಮೊದಲು ದಾಖಲಿಸಿದ ಜರ್ಮನಿಯ ಹಾನ್ಸ್ ಬರ್ಗರ್ ಸ್ವತಃ ಮನೋವೈದ್ಯರು. 1924ರಲ್ಲಿ ಯೇನಾ ನಗರದಲ್ಲಿ ಮಾಡಿದ ಆ ಕೆಲಸವನ್ನು ಅವರು ಪ್ರಕಟಿಸಿದ್ದು 1929ರಲ್ಲಿ. ಅಲ್ಲಿಂದ ಕಂಪ್ಯೂಟರ್ ಬಂದು ಸರಾಸರಿ ತೆಗೆಯುವುದು ಸುಲಭವಾಗುವ ತನಕ ಮೂರು ದಶಕಗಳು ಹೋದವು. 1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ಅನಿರೀಕ್ಷಿತ ಸಂಕೇತ ಬಂದ ಸುಮಾರು 300 ಮಿಲಿಸೆಕೆಂಡಿಗೆ ಏಳುವ, ಮುಂದೆ ಪಿ-300 ಎಂದು ಹೆಸರಾದ ಅಲೆಯನ್ನು ವರದಿ ಮಾಡಿದರು. ಸೈಕೋಸಿಸ್ ಮುಖ್ಯ ಲಕ್ಷಣವಾಗಿರುವ ದೀರ್ಘಕಾಲದ ಕಾಯಿಲೆ ಸ್ಕಿಜೋಫ್ರೇನಿಯಾ ಇರುವವರಲ್ಲಿ ಇದು ತಗ್ಗಿರುತ್ತದೆ ಎಂಬುದು 1972ರಷ್ಟು ಹಿಂದೆಯೇ ಕಂಡುಬಂತು. ಆದರೆ ಪಿ-300ನ್ನು ಅಳೆಯುವಾಗ ಕುಳಿತವರು ಗಮನವಿಟ್ಟು ಕೇಳಬೇಕು, ಎಣಿಸಬೇಕು ಇಲ್ಲವೇ ಗುಂಡಿ ಒತ್ತಬೇಕು. ಔಷಧಿಯ ಮಂಪರು, ಬೇಸರ, ಆಸಕ್ತಿಯ ಕೊರತೆ ಇವೆಲ್ಲ ಅಲೆಯನ್ನು ತಗ್ಗಿಸಬಲ್ಲವು. ಹಾಗಾದರೆ ನಾವು ಅಳೆದದ್ದು ಕಾಯಿಲೆಯನ್ನೋ, ಆ ದಿನದ ದಣಿವನ್ನೋ?

ಎಂಎಂಎನ್ ಮೇಲೆ ಅಷ್ಟು ಆಸೆ ಹುಟ್ಟಿದ್ದಕ್ಕೆ ಈ ಸಂದೇಹವೇ ಕಾರಣ. ಫಿನ್‌ಲೆಂಡಿನ ರಿಸ್ಟೊ ನಾಟನೆನ್ ನೆದರ್ಲೆಂಡ್ಸ್‌ನಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಗಳ ಜತೆ ನಡೆಸಿದ ಪ್ರಯೋಗದಲ್ಲಿ ಇದು ಬೆಳಕಿಗೆ ಬಂದು, 1978ರಲ್ಲಿ ಪ್ರಕಟವಾಯಿತು. ಗಮನ ಕೊಡದಿದ್ದರೂ ಈ ಅಲೆ ಏಳುತ್ತದೆ. ಕೋಮಾದಲ್ಲಿರುವ ಕೆಲವರಲ್ಲೂ, ಹುಟ್ಟಿದ ಕೂಸುಗಳಲ್ಲೂ ಇಂಥ ಉತ್ತರ ಸಿಗುತ್ತದೆ. 1991ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಸ್ಕಿಜೋಫ್ರೇನಿಯಾ ಇರುವವರಲ್ಲಿ ಇದು ಕುಗ್ಗಿರುವುದನ್ನು ತೋರಿಸಿದರು.

ನಂತರದ ಹದಿನೈದು ವರ್ಷಗಳನ್ನು ನಾನು ಈ ವಿಷಯದ ಅತ್ಯಂತ ಫಲವತ್ತಾದ ಕಾಲ ಎಂದು ಭಾವಿಸುತ್ತೇನೆ, ಏಕೆಂದರೆ ಕಾಯಿಲೆಯೊಂದರ ಹೊರಚಿಹ್ನೆಗೂ ಒಳಗಿನ ರಸಾಯನಕ್ಕೂ ಗಂಟು ಬಿದ್ದದ್ದು ಆಗ. ನರಕೋಶಗಳ ನಡುವೆ ಗ್ಲುಟಮೇಟ್ ಎಂಬ ರಾಸಾಯನಿಕದ ಸಂದೇಶವನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕಗಳ ದೌರ್ಬಲ್ಯವೇ ಸ್ಕಿಜೋಫ್ರೇನಿಯಾದ ಒಂದು ಮೂಲವಿರಬಹುದು ಎಂದು ನ್ಯೂಯಾರ್ಕಿನ ಡೇನಿಯಲ್ ಜ್ಯಾವಿಟ್ ಮತ್ತಿತರರು ವಾದಿಸುತ್ತಿದ್ದರು. 1996ರಲ್ಲಿ ಅವರ ತಂಡ, ಕೋತಿಗಳ ಶ್ರವಣ ಪ್ರದೇಶದಲ್ಲಿ ಈ ಗ್ರಾಹಕಗಳನ್ನು ತಡೆದಾಗ ಎಂಎಂಎನ್ ಅಳಿದುಹೋಗುತ್ತದೆ, ಆದರೆ ಸದ್ದಿಗೆ ಮೆದುಳು ಕೊಡುವ ಮೊದಲ ಸ್ಪಂದನೆಗಳು ಹಾಗೆಯೇ ಉಳಿಯುತ್ತವೆ ಎಂದು ತೋರಿಸಿತು. ಅಂದರೆ ಕಿವುಡುತನವೇನೂ ಬಂದಿಲ್ಲ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವ ಶಕ್ತಿ ಮಾತ್ರ ಹೋಗಿದೆ. 2000ದಲ್ಲಿ ಡೇನಿಯಲ್ ಉಂಬ್ರಿಕ್ಟ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ ಇದೇ ಗ್ರಾಹಕವನ್ನು ತಡೆಯುವ ಅರಿವಳಿಕೆ ಔಷಧಿ ಕೆಟಮಿನ್ ಕೊಟ್ಟು ನೋಡಿದಾಗಲೂ ಅಲೆ ಕುಗ್ಗಿತು. 2005ರಲ್ಲಿ ಅವರೇ ಅಲ್ಲಿಯ ತನಕದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಲೆಕ್ಕ ಹಾಕಿದಾಗ, ರೋಗಿಗಳ ಸರಾಸರಿಗೂ ಆರೋಗ್ಯವಂತರ ಸರಾಸರಿಗೂ ಹೆಚ್ಚುಕಡಿಮೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಒಬ್ಬರಿಂದೊಬ್ಬರಿಗೆ ಸಹಜವಾಗಿ ಇರುವ ಏರುಪೇರಿನ ಅಳತೆ ಇದು) ಅಂತರವಿತ್ತು. ಮನೋವೈದ್ಯಶಾಸ್ತ್ರದ ಜೈವಿಕ ಅಳತೆಗಳಲ್ಲಿ ಇಷ್ಟು ದೊಡ್ಡ ಅಂತರ ಸಿಗುವುದು ಅಪರೂಪ.

ಇನ್ನು ಚಿಕಿತ್ಸಾಲಯದ ಕಡೆಯ ಕಥೆ. ಜರ್ಮನಿಯ ಮನೋವೈದ್ಯ ಕ್ರೇಪಲಿನ್ 19ನೆಯ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು ವರ್ಣಿಸಿದಾಗಿನಿಂದಲೂ, ಅದು ಒಮ್ಮೆಗೇ ಬಂದೆರಗುವುದಿಲ್ಲ, ತಿಂಗಳುಗಟ್ಟಲೆ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಬರುತ್ತದೆ ಎಂಬುದು ವೈದ್ಯರಿಗೆ ತಿಳಿದಿತ್ತು. ಆದರೆ ಹಿಂದಿರುಗಿ ನೋಡಿದಾಗ ಮಾತ್ರ ಕಾಣುವ ಆ ಅವಧಿಯನ್ನು ಮುಂಚಿತವಾಗಿ ಗುರುತಿಸಲು ಕ್ರಮಬದ್ಧ ಪ್ರಯತ್ನ ನಡೆದದ್ದು 1990ರ ದಶಕದಲ್ಲಿ, ಮೆಲ್ಬರ್ನಿನಲ್ಲಿ. ಪ್ಯಾಟ್ರಿಕ್ ಮೆಗಾರಿ ಮತ್ತು ಆಲಿಸನ್ ಯಂಗ್ ಅವರ ತಂಡ ಹದಿಹರೆಯದವರಿಗೂ ತರುಣರಿಗೂ ಪ್ರತ್ಯೇಕ ಕ್ಲಿನಿಕ್ ತೆರೆದು, ಹೆಚ್ಚಿನ ಅಪಾಯದಲ್ಲಿರುವವರು ಯಾರು ಎಂಬುದಕ್ಕೆ ಮಾನದಂಡಗಳನ್ನು ರೂಪಿಸಿತು. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂಬ ಅನುಮಾನ, ಹೆಸರು ಹಿಡಿದು ಕರೆದಂತಾಗುವುದು ಮೊದಲಾದವು ಸೌಮ್ಯ ರೂಪದಲ್ಲಿದ್ದರೆ ಒಂದು ಗುಂಪು. ಪೂರ್ಣ ಲಕ್ಷಣಗಳೇ ಬಂದು ವಾರದೊಳಗೆ ತಾವಾಗಿ ಹೋಗಿದ್ದರೆ ಇನ್ನೊಂದು. ಹತ್ತಿರದ ರಕ್ತಸಂಬಂಧಿಗೆ ಕಾಯಿಲೆ ಇದ್ದು, ತನ್ನ ಓದು, ಕೆಲಸ, ಒಡನಾಟಗಳು ಇತ್ತೀಚೆಗೆ ಗಣನೀಯವಾಗಿ ಕುಸಿದಿದ್ದರೆ ಮೂರನೆಯದು. 2003ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಇಂಥವರಲ್ಲಿ ಸುಮಾರು 40 ಶೇಕಡಾ ಮಂದಿಗೆ ಒಂದು ವರ್ಷದೊಳಗೆ ಸೈಕೋಸಿಸ್ ಬಂತು.

ಎರಡೂ ಕಥೆಗಳು ಕೂಡಿದ್ದು ಇಲ್ಲಿ. ನೂರರಲ್ಲಿ ನಲವತ್ತು ಮಂದಿಗೆ ಬರುತ್ತದೆ, ಅರವತ್ತು ಮಂದಿಗೆ ಬರುವುದಿಲ್ಲ ಎಂದಾದರೆ, ಆ ನಲವತ್ತು ಮಂದಿ ಯಾರೆಂದು ಬೀಪ್ ಸದ್ದಿನ ಪರೀಕ್ಷೆ ಹೇಳಬಹುದೇ? 2011ರಲ್ಲಿ ಜರ್ಮನಿಯ ತಂಡವೊಂದು ಅಪಾಯದಲ್ಲಿರುವ 62 ಮಂದಿಯನ್ನು ಹಿಂಬಾಲಿಸಿ, ಮುಂದೆ ಕಾಯಿಲೆ ಬಂದ 25 ಮಂದಿಯಲ್ಲಿ ಸದ್ದಿನ ಅವಧಿಯ ವ್ಯತ್ಯಾಸಕ್ಕೆ ಏಳುವ ಎಂಎಂಎನ್ ಮೊದಲೇ ತಗ್ಗಿತ್ತು ಎಂದು ತೋರಿಸಿತು. ಬೇರೆ ದೇಶಗಳಿಂದಲೂ ಅಂಥದೇ ವರದಿಗಳು ಬಂದವು. ಅಲೆ ಎಷ್ಟು ಕುಗ್ಗಿದ್ದರೆ ಕಾಯಿಲೆ ಅಷ್ಟು ಬೇಗ ಬರುತ್ತದೆ ಎಂದು 2014ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಉತ್ಸಾಹ ಏರಿದ್ದು ಸಹಜ. ಸುದ್ದಿಯ ಶೀರ್ಷಿಕೆಗಳು ಮಾತ್ರ ಆ ಅಧ್ಯಯನಗಳು ಹೇಳಿದ್ದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋದವು.

ಅದೇ ವೇಳೆಗೆ ಕಾಲಡಿಯ ನೆಲ ಸರಿಯುತ್ತಿತ್ತು. ಕ್ಲಿನಿಕ್‌ಗಳು ಹೆಚ್ಚಿ, ಹೆಚ್ಚು ಜನ, ಇನ್ನೂ ಮೊದಲ ಹಂತದಲ್ಲೇ ಬರತೊಡಗಿದಂತೆ ಕಾಯಿಲೆಗೆ ತಿರುಗುವವರ ಪ್ರಮಾಣ ಇಳಿಯಿತು. 2012ರ ಒಟ್ಟು ಲೆಕ್ಕದಲ್ಲಿ ಅದು ಒಂದು ವರ್ಷಕ್ಕೆ ಸುಮಾರು 22 ಶೇಕಡಾ, ಮೂರು ವರ್ಷಕ್ಕೆ 36 ಶೇಕಡಾ ಇತ್ತು. ಆಮೇಲಿನ ಲೆಕ್ಕಗಳಲ್ಲಿ ಇನ್ನೂ ಕಡಿಮೆಯಾಯಿತು. ಅಲೆಯ ಕಡೆಯಿಂದಲೂ ಎಚ್ಚರಿಕೆ ಬಂತು. 2016ರ ಸಮೀಕ್ಷೆಯೊಂದು, ಬಹುಕಾಲದಿಂದ ಕಾಯಿಲೆಯಿರುವವರಲ್ಲಿ ಕಾಣುವ ಕೊರತೆಯ ಅರ್ಧದಷ್ಟೂ ಮೊದಲ ಸಲ ಕಾಯಿಲೆ ಬಿದ್ದವರಲ್ಲಾಗಲಿ ಅಪಾಯದಲ್ಲಿರುವವರಲ್ಲಾಗಲಿ ಇಲ್ಲ ಎಂದಿತು. ಸ್ವರದ ಏರಿಳಿತದ ವ್ಯತ್ಯಾಸಕ್ಕೆ ಏಳುವ ಅಲೆಯಂತೂ ಕಾಯಿಲೆ ಮುಂದುವರಿದಂತೆ ಕುಗ್ಗುತ್ತ ಹೋಗುವಂಥದ್ದು, ಆರಂಭದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅಂದರೆ ನಾವು ಮುನ್ಸೂಚನೆ ಎಂದುಕೊಂಡದ್ದರಲ್ಲಿ ಒಂದು ಭಾಗ ಕಾಯಿಲೆ ಬಿಟ್ಟುಹೋದ ಗುರುತಾಗಿರಬಹುದು.

ದೊಡ್ಡ ಪ್ರಮಾಣದ ಉತ್ತರ ಸಿಕ್ಕಿದ್ದು ಉತ್ತರ ಅಮೆರಿಕದ ಹಲವು ಕೇಂದ್ರಗಳು ಒಟ್ಟಾಗಿ ನಡೆಸಿದ ಅಧ್ಯಯನದಿಂದ. 2019ರಲ್ಲಿ ಪ್ರಕಟವಾದ ಭಾಗದಲ್ಲಿ ಅಪಾಯದಲ್ಲಿರುವ 552 ಮಂದಿಯ ಪಿ-300ನ್ನೂ, 2022ರ ಭಾಗದಲ್ಲಿ 580 ಮಂದಿಯ ಎಂಎಂಎನ್ ಅನ್ನೂ ಅಳೆದಿದ್ದರು. ಮುಂದೆ ಕಾಯಿಲೆಗೆ ತಿರುಗಿದವರ ಗುಂಪಿನಲ್ಲಿ ಅಲೆಗಳು ತಗ್ಗಿದ್ದವು ಎಂಬುದು ನಿಜವಾಯಿತು. ಆದರೆ ಎಂಎಂಎನ್ ಅಂತರ ಹಿಂದಿನ ಚಿಕ್ಕ ಅಧ್ಯಯನಗಳು ಆಸೆ ಹುಟ್ಟಿಸಿದಷ್ಟು ದೊಡ್ಡದಾಗಿರಲಿಲ್ಲ. ದೂರ ಸರಿಸಿಟ್ಟಿದ್ದ ಹಳೆಯ ಪಿ-300 ಮತ್ತೆ ಮುಂದಕ್ಕೆ ಬಂದದ್ದು ಗಮನಿಸತಕ್ಕ ಮಾತು. ಇದೇ ಜಾಲದವರು 2016ರಲ್ಲಿ ಪ್ರಕಟಿಸಿದ ಅಪಾಯದ ಲೆಕ್ಕಗಣಕದಲ್ಲಿ ವಯಸ್ಸು, ಅನುಮಾನದ ತೀವ್ರತೆ, ನೆನಪು ಮತ್ತು ಗ್ರಹಿಕೆಯ ವೇಗ, ಒಡನಾಟದ ಕುಸಿತ, ಕುಟುಂಬದ ಹಿನ್ನೆಲೆಯಂಥ ಸಂಗತಿಗಳಿವೆ. ಅವನ್ನೆಲ್ಲ ಮಾತಿನಲ್ಲಿ ಕೇಳಿ, ಕಾಗದ ಪೆನ್ಸಿಲಿನಿಂದ ಅಳೆಯಬಹುದು, ಟೋಪಿ ತೊಡಿಸಿ ಮೆದುಳಿನ ಅಲೆ ದಾಖಲಿಸುವ ಇಇಜಿಯ ಅಗತ್ಯವಿಲ್ಲ.

ಗುಂಪಿನ ಸತ್ಯಕ್ಕೂ ಒಬ್ಬನ ಸತ್ಯಕ್ಕೂ ಇರುವ ದೂರವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಐದು ಅಡಿ ಐದು ಅಂಗುಲದ ಒಬ್ಬರು ಒಳಗೆ ಕುಳಿತಿದ್ದಾರೆ ಎಂದಷ್ಟೇ ಹೇಳಿದರೆ ಅವರು ಗಂಡೋ ಹೆಣ್ಣೋ ಹೇಳಲಾಗದು. ಲೆಕ್ಕವನ್ನೇ ಮಾಡಿ ನೋಡೋಣ. ಅಪಾಯದಲ್ಲಿರುವ 100 ಮಂದಿಯಲ್ಲಿ 20 ಮಂದಿಗೆ ಕಾಯಿಲೆ ಬರಲಿದೆ, ಪರೀಕ್ಷೆ ಎರಡೂ ಕಡೆ 70 ಶೇಕಡಾ ಸರಿಯಾಗಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಅದು 14 ಮಂದಿಯನ್ನು ಹಿಡಿಯುತ್ತದೆ, 6 ಮಂದಿಯನ್ನು ಬಿಡುತ್ತದೆ, ಕಾಯಿಲೆ ಬರದ 24 ಮಂದಿಗೆ ಬರುತ್ತದೆ ಎನ್ನುತ್ತದೆ. ಇದೇ ಪರೀಕ್ಷೆಯನ್ನು ಕಾಲೇಜಿನ 10,000 ಮಕ್ಕಳಿಗೆ ಮಾಡಿ, ಅವರಲ್ಲಿ 100 ಮಂದಿಗೆ ಮಾತ್ರ ಕಾಯಿಲೆ ಬರಲಿದ್ದರೆ, 70 ಮಂದಿ ಸಿಗುತ್ತಾರೆ, 2,970 ಮಕ್ಕಳ ಮೇಲೆ ಸುಮ್ಮಸುಮ್ಮನೆ ಹಣೆಪಟ್ಟಿ ಬೀಳುತ್ತದೆ. ಮದುವೆಯ ಮಾತುಕತೆಯಿಂದ ಹಿಡಿದು ನೌಕರಿಯ ತನಕ ಆ ಹಣೆಪಟ್ಟಿ ಏನು ಮಾಡೀತೆಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಕಾಯಿಲೆಯ ಮುಂಚಿನ ಸ್ಥಿತಿಗೆ ಅಧಿಕೃತ ಹೆಸರು ಕೊಡಬೇಕೇ ಎಂಬ ದೀರ್ಘ ಚರ್ಚೆಯ ನಂತರ 2013ರಲ್ಲಿ ಅಮೆರಿಕದ ರೋಗನಿರ್ಣಯ ಕೈಪಿಡಿ ಅದನ್ನು ಮುಖ್ಯ ಪಟ್ಟಿಗೆ ಸೇರಿಸದೆ, ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಗಳ ಜತೆ ಇಟ್ಟದ್ದಕ್ಕೆ ಈ ಭಯವೂ ಒಂದು ಕಾರಣ.

ಮುಂಚಿತವಾಗಿ ತಿಳಿದರೆ ಏನು ಮಾಡುತ್ತೇವೆ ಎಂಬ ಪ್ರಶ್ನೆಗೂ ಗಟ್ಟಿ ಉತ್ತರ ಸಿಕ್ಕಿಲ್ಲ. ಮೀನೆಣ್ಣೆಯ ಒಮೆಗಾ-3 ಕೊಟ್ಟರೆ ಕಾಯಿಲೆ ತಪ್ಪುತ್ತದೆ ಎಂದು 2010ರಲ್ಲಿ ವಿಯೆನ್ನಾದ 81 ಮಂದಿಯ ಪ್ರಯೋಗ ತುಂಬ ಭರವಸೆ ಹುಟ್ಟಿಸಿತು. 304 ಮಂದಿಯ ಮೇಲೆ ಹಲವು ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಔಷಧ ಕಂಪನಿಗಳನ್ನೂ ಜತೆಗೂಡಿಸಿಕೊಂಡು ಆರಂಭಿಸಿದ ದೊಡ್ಡ ಯೋಜನೆ ಹಲವು ಖಂಡಗಳ ಕೇಂದ್ರಗಳಲ್ಲಿ ಎಂಎಂಎನ್, ಪಿ-300 ಇತ್ಯಾದಿಗಳನ್ನು ಒಂದೇ ವಿಧಾನದಲ್ಲಿ ಅಳೆಯಲು ಹೊರಟಿತು. ಒಂದೇ ವಿಧಾನ ಎಂಬುದೇ ಅದರ ದೊಡ್ಡ ಲಾಭ ಎಂದು ನನಗನಿಸುತ್ತದೆ. ಇಷ್ಟು ವರ್ಷ ಒಂದು ಲ್ಯಾಬಿನ ಬೀಪ್ ಇನ್ನೊಂದು ಲ್ಯಾಬಿನ ಬೀಪಿಗೆ ಹೊಂದುತ್ತಿರಲಿಲ್ಲ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮೆದುಳಿನ ಇಂಥ ಅಳತೆಗಳ ಸಂಶೋಧನೆಯಲ್ಲೂ ತೊಡಗಿದೆ, ಹಳ್ಳಿಗಳಿಗೂ ಹೋಗಿದೆ. ಅದರ ವೈದ್ಯರು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಚಿಕಿತ್ಸೆ ಕೊಡತೊಡಗಿದಾಗ, ಅದುವರೆಗೆ ಒಂದು ಮಾತ್ರೆಯನ್ನೂ ಕಾಣದವರು ಸಿಕ್ಕರು. ಅದೇ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯಿರುವವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಅವರ ಕಾಯಿಲೆಯನ್ನು ಗುರುತಿಸಲು ಮೈಕ್ರೋವೋಲ್ಟ್ ಬೇಕಾಗಿರಲಿಲ್ಲ, ಅಕ್ಕಪಕ್ಕದ ಮನೆಯವರಿಗೂ ಅದು ಗೊತ್ತಿತ್ತು.

ಅಣ್ಣನ ಕಾಯಿಲೆ ತನಗೂ ಬರುತ್ತದೆಯೇ ಎಂದು ಅಂಜುತ್ತ ಬಂದ ಹುಡುಗನಿಗೆ ಇವತ್ತು ವೈದ್ಯರು ಮಾಡುವುದು ಬೇರೆಯೇ. ನಿದ್ದೆ ಹೇಗಿದೆ, ಓದಿನಲ್ಲಿ ಮನಸ್ಸು ನಿಲ್ಲುತ್ತಿದೆಯೇ, ಗೆಳೆಯರನ್ನು ಬಿಟ್ಟು ಒಬ್ಬನೇ ಇರತೊಡಗಿದ್ದಾನೆಯೇ, ಗಾಂಜಾ ಸೇದುತ್ತಾನೆಯೇ ಎಂದು ಕೇಳುತ್ತಾರೆ. ತಾಯಿಯನ್ನು ಬೇರೆಯಾಗಿ ಮಾತಾಡಿಸುತ್ತಾರೆ. ಸಂಶೋಧನೆಗೆ ಒಪ್ಪಿ ಟೋಪಿ ತೊಟ್ಟಿದ್ದರೆ ಅವನ ಅಲೆಗಳ ದಾಖಲೆ ನೂರಾರು ಮಂದಿಯ ದಾಖಲೆಗಳ ಜತೆ ಸೇರುತ್ತದೆ. ಅವನು ಕೂದಲಿಗೆ ಅಂಟಿದ ಜೆಲ್ ತೊಳೆದುಕೊಂಡು, ಚೀಟಿಯಲ್ಲಿ ಬರೆದುಕೊಟ್ಟ ಮುಂದಿನ ಭೇಟಿಯ ತಾರೀಖು ಹಿಡಿದು ಮನೆಗೆ ಹೋಗುತ್ತಾನೆ.