ಸ್ಟ್ರೀಟ್ ಫೈಟರ್ ಅಂದರೆ ಜಗಳಗಂಟ ಅಲ್ಲ

ಪ್ರಶ್ನೆ: ಪಾಕಿಸ್ತಾನದ ಹಳೆಯ ಬ್ಯಾಟ್ಸ್‌ಮನ್ ಜಾವೇದ್ ಮಿಯಾಂದಾದ್ ಹೆಸರು ಬಂದಾಗಲೆಲ್ಲ ಕಾಮೆಂಟರಿಯಲ್ಲಿ ‘ಸ್ಟ್ರೀಟ್ ಫೈಟರ್’ ಅಂತಾರೆ. ಇದು ಹೊಗಳಿಕೆಯಾ, ಬೈಗುಳವಾ? ಮೈದಾನದಲ್ಲಿ ಜಗಳ ಆಡ್ತಿದ್ದರು ಅಂತ ತಾನೇ ಆ ಹೆಸರು?

ಹೊಗಳಿಕೆ. ಜಗಳಕ್ಕಾಗಿ ಬಂದ ಹೆಸರಲ್ಲ ಅದು.

ಭಾರತ–ಪಾಕಿಸ್ತಾನ ಪಂದ್ಯ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಆಟಗಾರನ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಮಿಯಾಂದಾದ್, ಒಮ್ಮೆ ಶ್ರೀಲಂಕಾದ ರಣತುಂಗ, ಒಮ್ಮೆ ಗಂಗೂಲಿ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ ನಿಜ. ಆದರೂ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಒಬ್ಬ ದೊಡ್ಡ ಬ್ಯಾಟ್ಸ್‌ಮನ್‌ನ ಇಡೀ ಜೀವನದ ಕೆಲಸವನ್ನು ಎರಡು ಟಿವಿ ತುಣುಕುಗಳಿಗೆ ಇಳಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ಕ್ರಿಕೆಟ್‌ನವರು ಈ ಮಾತನ್ನು ಯಾರಿಗೆ ಹೇಳುತ್ತಾರೆ ನೋಡಿ. ಪಂದ್ಯ ಕೈ ಬಿಡುತ್ತಿದೆ. ವಿಕೆಟ್ ಬೀಳುತ್ತಿವೆ. ದೊಡ್ಡ ಹೊಡೆತಕ್ಕೆ ಜಾಗ ಇಲ್ಲ. ಆಗಲೂ ಒಬ್ಬನ ತಲೆ ಮಾತ್ರ ಲೆಕ್ಕ ಹಾಕುತ್ತಲೇ ಇರುತ್ತದೆ. ಯಾರ ಬಳಿ ಎಷ್ಟು ಓವರ್ ಉಳಿದಿದೆ, ಯಾವ ಫೀಲ್ಡರ್‌ನ ಥ್ರೋ ನಿಧಾನ, ಮುಂದಿನ ಓವರ್‌ಗೆ ತಾನು ಯಾವ ತುದಿಯಲ್ಲಿರಬೇಕು. ಪೆಟ್ಟು ತಿಂದರೂ, ಯಾರು ಏನೇ ಅಂದರೂ ಆ ಲೆಕ್ಕ ತಪ್ಪುವುದಿಲ್ಲ. ಅಂಥವನೇ ಸ್ಟ್ರೀಟ್ ಫೈಟರ್.

ಈಗ ಆ ಜಗಳದ ವಿಷಯಕ್ಕೆ ಬರುತ್ತೇನೆ. ಜನ ಹೇಳುವುದು ಎರಡೇ ಉದಾಹರಣೆ.

ಮೊದಲನೆಯದು 1981ರ ನವೆಂಬರ್, ಪರ್ತ್ ಟೆಸ್ಟ್. ಮಿಯಾಂದಾದ್ ಪಾಕಿಸ್ತಾನದ ನಾಯಕ. ಒಂದು ರನ್ ಓಡುವಾಗ ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿ ಅಡ್ಡ ಬಂದರು, ಇಬ್ಬರೂ ಡಿಕ್ಕಿ ಹೊಡೆದರು. ಆಮೇಲೆ ಲಿಲ್ಲಿ ಹಿಂದಿನಿಂದ ಕಾಲಿಗೆ ಒದ್ದರು. ಮಿಯಾಂದಾದ್ ತಿರುಗಿ ಬ್ಯಾಟನ್ನು ತಲೆ ಮೇಲೆ ಎತ್ತಿದರು. ಅಂಪೈರ್ ಟೋನಿ ಕ್ರಾಫ್ಟರ್ ನಡುವೆ ನಿಂತು ಬಿಡಿಸಿದರು. ಬ್ಯಾಟ್ ಎತ್ತಿದ ಆ ಫೋಟೋ ಇವತ್ತಿಗೂ ಓಡಾಡುತ್ತಿದೆ. ಎರಡು ಏಕದಿನ ಪಂದ್ಯಗಳ ನಿಷೇಧ ಆಗಿದ್ದು ಲಿಲ್ಲಿಗೆ ಅನ್ನುವುದನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. ಆ ಟೆಸ್ಟ್ ಏನಾಯಿತು ಅಂತಲೂ ಕೇಳುವುದಿಲ್ಲ. ಪಾಕಿಸ್ತಾನ ಮೊದಲ ಇನ್ನಿಂಗ್ಸ್‌ನಲ್ಲಿ 62ಕ್ಕೆ ಆಲೌಟ್ ಆಗಿ 286 ರನ್‌ಗಳಿಂದ ಸೋತಿತು. ಬ್ಯಾಟ್ ಎತ್ತಿದ್ದರಿಂದ ಒಂದು ರನ್ನೂ ಬರಲಿಲ್ಲ.

ಎರಡನೆಯದು ನಮಗೆಲ್ಲ ಗೊತ್ತಿರುವುದು. 1992ರ ಮಾರ್ಚ್ 4, ಸಿಡ್ನಿ, ವಿಶ್ವಕಪ್‌ನಲ್ಲಿ ಭಾರತ–ಪಾಕಿಸ್ತಾನದ ಮೊಟ್ಟಮೊದಲ ಪಂದ್ಯ. ವಿಕೆಟ್ ಹಿಂದೆ ಕಿರಣ್ ಮೋರೆ ಎಗರಿ ಎಗರಿ ಅಪೀಲ್ ಮಾಡುತ್ತಿದ್ದರು. ಸಿಟ್ಟಾದ ಮಿಯಾಂದಾದ್ ಅವರನ್ನು ಅಣಕಿಸಿ ಬ್ಯಾಟ್ ಹಿಡಿದುಕೊಂಡೇ ಕುಪ್ಪಳಿಸಿದರು. ನೋಡಿದವರು ನಕ್ಕರು, ಈಗಲೂ ನಗುತ್ತಾರೆ. ಆದರೆ ಅವತ್ತಿನ ಸ್ಕೋರ್‌ಕಾರ್ಡ್ ತೆಗೆದು ನೋಡಿ. ಮಿಯಾಂದಾದ್ 110 ಬಾಲ್‌ಗೆ 40. ಕೊನೆಗೆ ಬೌಲ್ಡ್ ಮಾಡಿದ್ದು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. 217 ಬೇಕಿದ್ದ ಪಾಕಿಸ್ತಾನ 173ಕ್ಕೆ ಮುಗಿಯಿತು.

ನಾನು ಹೇಳುವುದು ಇಷ್ಟೇ. ಆ ಎರಡು ದಿನವೂ ಅವರ ಲೆಕ್ಕ ತಪ್ಪಿದ ದಿನಗಳು. ಆ ಹೆಸರಿಗೆ ಅವನ್ನೇ ಸಾಕ್ಷಿ ಮಾಡುವುದು ಯಾವ ನ್ಯಾಯ?

ಸಿಟ್ಟೇ ಹೋರಾಟ ಅನ್ನುವವರಿಗೆ ಬೆಂಗಳೂರಿನ ಉದಾಹರಣೆಯೇ ಇದೆ. 1996ರ ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮೀರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟನ್ನು ಬೌಂಡರಿ ಕಡೆ ತೋರಿಸಿ, ವೆಂಕಟೇಶ್ ಪ್ರಸಾದ್‌ಗೆ ಏನೋ ಅಂದರು. ಮುಂದಿನ ಬಾಲ್‌ಗೇ ಸ್ಟಂಪ್ ಹಾರಿತು. ಸೊಹೈಲ್ ಅವತ್ತು ತಂಡದ ನಾಯಕ, 55 ರನ್ ಹೊಡೆದು ಚೆನ್ನಾಗಿಯೇ ಆಡುತ್ತಿದ್ದರು. ಸಿಟ್ಟು ಅವರನ್ನು ಕೆಡಿಸಿತು. ಸ್ಟೇಡಿಯಂನಲ್ಲಿದ್ದವರಿಗೆ ಜಗಳ ಅಂತ ನೆನಪಿರುವುದು ಅದೇ. ಅದನ್ನು ನೋಡಿ ಸೊಹೈಲ್‌ರನ್ನು ಯಾರಾದರೂ ಸ್ಟ್ರೀಟ್ ಫೈಟರ್ ಅಂದರಾ? ಇಲ್ಲ ಅಲ್ವಾ? ಅದೇ ಪಂದ್ಯ 38 ವರ್ಷದ ಮಿಯಾಂದಾದ್‌ಗೆ ಕೊನೆಯ ಅಂತರರಾಷ್ಟ್ರೀಯ ಪಂದ್ಯವೂ ಆಯಿತು. 64 ಬಾಲ್‌ಗೆ 38 ಮಾಡಿ ರನ್ ಔಟ್ ಆದರು. ವಯಸ್ಸು ಕಾಲನ್ನು ಹಿಡಿದಿತ್ತು. ಅವತ್ತು ಅವರ ದಾರಿ ಕೆಲಸ ಮಾಡಲಿಲ್ಲ ಅನ್ನುವುದನ್ನೂ ಹೇಳಬೇಕು.

ಹಾಗಾದರೆ ಹೆಸರು ಬಂದಿದ್ದು ಎಲ್ಲಿಂದ? ಶಾರ್ಜಾ ನೋಡಿ. 1986ರ ಏಪ್ರಿಲ್ 18, ಆಸ್ಟ್ರಲ್–ಏಷ್ಯಾ ಕಪ್ ಫೈನಲ್. ಗವಾಸ್ಕರ್ 92, ಶ್ರೀಕಾಂತ್ 75 ಹೊಡೆದು ಭಾರತ 245 ಮಾಡಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಪಾಕಿಸ್ತಾನದ ಕಡೆ ಮಿಯಾಂದಾದ್ ಬಿಟ್ಟು ಬೇರೆ ಯಾರೂ ಅರ್ಧ ಶತಕ ಕೂಡ ಮಾಡಲಿಲ್ಲ.

ಎಲ್ಲರಿಗೂ ನೆನಪಿರುವುದು ಕೊನೆಯ ಬಾಲ್ ಸಿಕ್ಸರ್. ಅದಕ್ಕಿಂತ ಮುಂಚಿನದೇ ನಿಜವಾದ ಕಥೆ. ಅವರು 114 ಬಾಲ್‌ಗೆ 116 ಮಾಡಿ ಔಟಾಗದೆ ಉಳಿದರು. ಅದರಲ್ಲಿ ಫೋರ್ 3, ಸಿಕ್ಸರ್ 3. ಕೂಡಿಸಿದರೆ 30 ರನ್. ಉಳಿದ 86 ರನ್ ಓಡಿ ತೆಗೆದದ್ದು! ಏಪ್ರಿಲ್ ತಿಂಗಳ ಶಾರ್ಜಾ ಸೆಕೆಯಲ್ಲಿ, ಒಬ್ಬೊಬ್ಬರೇ ಔಟಾಗಿ ಹೋಗುತ್ತಿರುವಾಗ, ಒಂದೊಂದಾಗಿ ಎರಡೆರಡಾಗಿ. ಬಾಲನ್ನು ಮೆತ್ತಗೆ ತಳ್ಳುವುದು, ಫೀಲ್ಡರ್ ಬಗ್ಗುವ ಹೊತ್ತಿಗೆ ಆಚೆ ತುದಿ ತಲುಪುವುದು. ನನಗೆ ಆ ಸಿಕ್ಸರ್‌ಗಿಂತ ಈ 86 ಹೆಚ್ಚು.

ಕೊನೆಯ ಓವರ್‌ಗೆ 11 ರನ್ ಬೇಕಿತ್ತು. ಬೌಲರ್ ಚೇತನ್ ಶರ್ಮಾ. ಆ ಓವರ್‌ನಲ್ಲಿ ಎರಡು ವಿಕೆಟ್ ಹೋದವು. ಕೊನೆಯ ಆಟಗಾರ ತೌಸೀಫ್ ಅಹ್ಮದ್ ಬಂದಾಗ 2 ಬಾಲ್, 5 ರನ್. ತೌಸೀಫ್ ಹೇಗೋ ತಾಗಿಸಿ ಓಡಿದರು. ಅಜರುದ್ದೀನ್ ಎಸೆದ ಬಾಲ್ ಸ್ಟಂಪ್‌ಗೆ ತಾಗಿದ್ದರೆ ಅಲ್ಲಿಗೇ ಪಂದ್ಯ ಮುಗಿಯುತ್ತಿತ್ತು, ತಾಗಲಿಲ್ಲ. ಈಗ 1 ಬಾಲ್, 4 ರನ್. ಚೇತನ್ ಯಾರ್ಕರ್, ಅಂದರೆ ಕಾಲ ಬುಡಕ್ಕೇ ಬೀಳುವ ಬಾಲ್, ಹಾಕಲು ನೋಡುತ್ತಾನೆ ಅಂತ ಮಿಯಾಂದಾದ್ ಊಹಿಸಿದ್ದರು. ಅದಕ್ಕೇ ಕ್ರೀಸ್‌ನಿಂದ ಸ್ವಲ್ಪ ಮುಂದೆ ನಿಂತರು. ಬಂದದ್ದು ನೆಲಕ್ಕೆ ಬೀಳದೇ ನೇರ ಬರುವ ಫುಲ್ ಟಾಸ್. ಆಮೇಲಿನದು ನಿಮಗೆ ಗೊತ್ತು. ಈ ಇಡೀ ಇನ್ನಿಂಗ್ಸ್‌ನಲ್ಲಿ ಜಗಳ ಎಲ್ಲಿದೆ ಹೇಳಿ.

1992ಕ್ಕೇ ಮತ್ತೆ ಬರೋಣ. ಸಿಡ್ನಿಯಲ್ಲಿ ಕುಪ್ಪಳಿಸಿ ಮೂರು ವಾರವೂ ಆಗಿರಲಿಲ್ಲ. ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಸೆಮಿಫೈನಲ್, 263 ಬೇಕು. ನಾಲ್ಕು ವಿಕೆಟ್ ಹೋಗಿ ಸುಮಾರು 15 ಓವರ್ ಉಳಿದಿದ್ದಾಗ 120ಕ್ಕಿಂತ ಜಾಸ್ತಿ ಬೇಕಿತ್ತು. ಕ್ರೀಸ್‌ಗೆ ಬಂದದ್ದು 22ರ ಹುಡುಗ ಇಂಜಮಾಮ್. ಅವನು 37 ಬಾಲ್‌ಗೆ 60 ಬಾರಿಸಿದ. ಹೆಸರೆಲ್ಲ ಅವನಿಗೇ ಹೋಯಿತು, ಹೋಗಬೇಕಾದದ್ದೇ. ಆ ಹುಡುಗನ ಜೊತೆ ಪ್ರತಿ ಬಾಲ್ ಆದ ಮೇಲೂ ಮಾತಾಡುತ್ತಾ ನಡೆಸಿದ್ದು ಮಿಯಾಂದಾದ್. 57 ಮಾಡಿ ಕೊನೆಯವರೆಗೂ ಔಟಾಗಲಿಲ್ಲ. ಮೆಲ್ಬರ್ನ್ ಫೈನಲ್‌ನಲ್ಲಿ 24ಕ್ಕೆ 2 ಹೋಗಿತ್ತು. ಇಮ್ರಾನ್ ಖಾನ್ ಜೊತೆ 139 ರನ್ ಸೇರಿಸಿದರು, ಅದರಲ್ಲಿ ತನ್ನದು 58. ಕಪ್ ಬಂತು.

ಈ ಹೆಸರಿನ ಜೊತೆಗೇ ಅಂಟಿಕೊಂಡ ಇನ್ನೊಂದು ಮಾತಿದೆ. ‘ಸ್ಟ್ರೀಟ್ ಫೈಟರ್ ಅಂದರೆ ಟೆಕ್ನಿಕ್ ಇಲ್ಲದವನು, ಸುಮ್ನೆ ಧೈರ್ಯದ ಮೇಲೆ ಆಡುವವನು’ ಅಂತ. ಇದು ಜಗಳದ ಮಾತಿಗಿಂತ ಕೆಟ್ಟದ್ದು. ಕೇಳುವುದಕ್ಕೆ ಮೆಚ್ಚುಗೆ ಥರ ಇರುತ್ತದೆ, ಆದರೆ ಕಲಿತದ್ದನ್ನೆಲ್ಲ ಕಿತ್ತುಕೊಳ್ಳುತ್ತದೆ. ಮಿಯಾಂದಾದ್ 124 ಟೆಸ್ಟ್‌ಗಳಲ್ಲಿ 8832 ರನ್ ಮಾಡಿದರು. ಸರಾಸರಿ 52.57, ಶತಕ 23. ಶುರುವಿನಿಂದ ಕೊನೆಯವರೆಗೆ ಅವರ ಟೆಸ್ಟ್ ಸರಾಸರಿ ಒಮ್ಮೆಯೂ 50ಕ್ಕಿಂತ ಕೆಳಗೆ ಇಳಿಯಲಿಲ್ಲ. 1976ರಲ್ಲಿ ಮೊದಲ ಟೆಸ್ಟ್‌ನಲ್ಲೇ 163, ಅದೇ ಸರಣಿಯಲ್ಲಿ ಕರಾಚಿಯಲ್ಲಿ 206. ಆಗ ವಯಸ್ಸು 19. ಅಷ್ಟು ಚಿಕ್ಕ ವಯಸ್ಸಿನಲ್ಲಿ ಟೆಸ್ಟ್ ದ್ವಿಶತಕ ಅವರಿಗಿಂತ ಮುಂಚೆ ಯಾರೂ ಹೊಡೆದಿರಲಿಲ್ಲ. 1987ರಲ್ಲಿ ಏಕದಿನದಲ್ಲಿ ಸತತ 9 ಇನ್ನಿಂಗ್ಸ್ 50 ದಾಟಿದರು. ಬರೀ ಧೈರ್ಯದಿಂದ ಇಷ್ಟೆಲ್ಲ ಆಗುತ್ತದೆಯೇ?

ನನಗೆ ತುಂಬಾ ಇಷ್ಟವಾದ ಇನ್ನಿಂಗ್ಸ್ ಬೇರೆಯೇ ಇದೆ. ನಮ್ಮ ಕಡೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 1981, ಇಂಗ್ಲೆಂಡಿನ ಕೋಲ್ಚೆಸ್ಟರ್. ಕೌಂಟಿ ಪಂದ್ಯ, ಗ್ಲಾಮೋರ್ಗನ್ ಪರ, ಎಸೆಕ್ಸ್ ವಿರುದ್ಧ. ಕೊನೆಯ ಇನ್ನಿಂಗ್ಸ್‌ನಲ್ಲಿ 325 ಬೇಕಿತ್ತು. ಬಾಲ್ ವಿಪರೀತ ತಿರುಗುತ್ತಿದ್ದ ಪಿಚ್. ಮಿಯಾಂದಾದ್ 200 ಮಾಡಿ ಔಟಾಗದೆ ನಿಂತರು. ಜೊತೆಯವರು ಮುಗಿದುಹೋದರು, ತಂಡ 13 ರನ್‌ಗಳಿಂದ ಸೋತಿತು. ತಿರುಗುವ ಪಿಚ್‌ನಲ್ಲಿ 200 ಹೊಡೆಯಲು ಬಾಲನ್ನು ತಡವಾಗಿ, ಕೈ ಸಡಿಲ ಬಿಟ್ಟು ಆಡಬೇಕು. ಸ್ಪಿನ್ನರ್‌ನ ಕೈ ನೋಡಿ ಕಾಲಿಡಬೇಕು. ಸ್ಟ್ರೀಟ್ ಫೈಟರ್‌ನ ಟೆಕ್ನಿಕ್ ನೋಡಬೇಕು ಅನ್ನುವವರು ಈ ಇನ್ನಿಂಗ್ಸ್ ಬಗ್ಗೆ ಓದಲಿ.

ಇಂಥ ಬುದ್ಧಿ ಬೆಳೆಯುವುದಕ್ಕೂ ಬೀದಿಗೂ ಸಂಬಂಧ ಖಂಡಿತ ಇದೆ, ಆದರೆ ಹೊಡೆದಾಟದಿಂದಲ್ಲ. ಗಲ್ಲಿಯಲ್ಲಿ ಆಡಿದವರಿಗೆ ಗೊತ್ತು. ಬಾಲ್ ಕಾಂಪೌಂಡ್ ದಾಟಿದರೆ ಔಟ್. ಲೆಗ್ ಸೈಡ್‌ನಲ್ಲಿ ಮೋರಿ, ಆಫ್ ಸೈಡ್‌ನಲ್ಲಿ ನಿಲ್ಲಿಸಿದ ಸ್ಕೂಟರ್‌ಗಳು. ಒನ್ ಪಿಚ್ ಕ್ಯಾಚ್ ಕೂಡ ಔಟ್. ಅಲ್ಲಿ ಬಲ ತೋರಿಸಿದವನು ಮೊದಲ ಬಾಲ್‌ಗೇ ಹೋಗುತ್ತಾನೆ, ಮತ್ತೆ ಬ್ಯಾಟಿಂಗ್ ಸಿಗುವುದು ಕತ್ತಲಾಗುವ ಹೊತ್ತಿಗೆ. ಹಾಗಾಗಿ ನೆಲದ ಮೇಲೆ ಆಡುವುದು, ಸಂದಿ ಹುಡುಕುವುದು, ಕದ್ದು ಒಂದು ರನ್ ಓಡುವುದು ತಾನಾಗಿಯೇ ಬರುತ್ತದೆ. ಕರಾಚಿಯ ಓಣಿಗಳಲ್ಲಿ ಬೆಳೆದ ಹುಡುಗನಿಗೂ, ಚಾಮರಾಜಪೇಟೆಯ ಕ್ರಾಸ್‌ನಲ್ಲಿ ಬೆಳೆದವನಿಗೂ ಈ ಪಾಠ ಒಂದೇ.

ಬೀದಿ ಅಂದ ಕೂಡಲೇ ಬಡತನ ಅಂತ ತಿಳಿಯುವುದೂ ಬೇಡ. ಅರ್ಜುನ ರಣತುಂಗ ಕೊಲಂಬೊದ ಆನಂದ ಕಾಲೇಜಿನಲ್ಲಿ ಓದಿದವರು, ರಾಜಕಾರಣಿಯ ಮಗ. 1999ರಲ್ಲಿ ಅಡಿಲೇಡ್‌ನಲ್ಲಿ ಮುರಳೀಧರನ್‌ಗೆ ನೋಬಾಲ್ ಕೊಟ್ಟಾಗ ತಂಡವನ್ನು ಬೌಂಡರಿ ಗೆರೆವರೆಗೆ ಕರೆದುಕೊಂಡು ಹೋದರು. ಆಮೇಲೆ 303 ರನ್ ಬೆನ್ನಟ್ಟಿ ಒಂದು ವಿಕೆಟ್ ಉಳಿಸಿಕೊಂಡು ಗೆದ್ದರು. ಗಂಗೂಲಿಯಂತೂ ಬೆಹಾಲಾದ ಶ್ರೀಮಂತ ಮನೆಯವರು.

ಹಾಗೆ ನೋಡಿದರೆ ನಮ್ಮ ಅನಿಲ್ ಕುಂಬ್ಳೆಗೆ ಈ ಹೆಸರು ಯಾಕೆ ಬರಲಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. 2002ರ ಮೇ, ಆಂಟಿಗಾ. ಬ್ಯಾಟ್ ಮಾಡುವಾಗ ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಬಾಲ್ ಬಡಿದು ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬಂದು 14 ಓವರ್ ಹಾಕಿದರು, ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆಮೇಲೆ ಆಪರೇಷನ್‌ಗೆ ಬೆಂಗಳೂರಿನ ವಿಮಾನ ಹತ್ತಿದರು. ಎಂಜಿನಿಯರಿಂಗ್ ಓದಿದವರು, ಕನ್ನಡಕ ಹಾಕಿ ಆಡುತ್ತಿದ್ದವರು, ಮೆಲು ಮಾತಿನವರು. ಜಗಳ ಇಲ್ಲದ ಕಡೆ ಹೋರಾಟವೂ ಕಾಣಿಸುವುದಿಲ್ಲ ಅನ್ನುವ ನಮ್ಮ ಅಭ್ಯಾಸವೇ ಇದಕ್ಕೆ ಕಾರಣ.

ಶಾರ್ಜಾ ಬಗ್ಗೆ ಹೇಳಿದಾಗ ಎಲ್ಲರೂ ಮಿಯಾಂದಾದ್ ಬಗ್ಗೆಯೇ ಕೇಳುತ್ತಾರೆ. ಆ ಬಾಲ್ ಹಾಕಿದ ಹುಡುಗ ಏನಾದ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಚೇತನ್ ಶರ್ಮಾಗೆ ಆಗ 20 ವರ್ಷ. ಅವರು ಹಾಕಲು ಹೋಗಿದ್ದು ಸರಿಯಾದ ಬಾಲನ್ನೇ. ಕೊನೆಯ ಬಾಲ್‌ಗೆ 4 ಬೇಕಾದಾಗ ಯಾರ್ಕರ್ ಬಿಟ್ಟು ಇನ್ನೇನು ಹಾಕಬೇಕಿತ್ತು? ಕೈ ಸ್ವಲ್ಪ ಜಾರಿತು, ಅಷ್ಟೇ. ಆ ಒಂದು ಬಾಲ್‌ಗೆ ಜನ ವರ್ಷಗಟ್ಟಲೆ ಬೈದರು. ಅದೇ ವರ್ಷ ಇಂಗ್ಲೆಂಡಿಗೆ ಹೋದ ಅವರು ಲಾರ್ಡ್ಸ್‌ನ ಮೊದಲ ಇನ್ನಿಂಗ್ಸ್‌ನಲ್ಲಿ 5 ವಿಕೆಟ್, ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ 10 ವಿಕೆಟ್ ತೆಗೆದರು. ಭಾರತ ಆ ಸರಣಿಯನ್ನು 2–0 ಗೆದ್ದಿತು. ಮರುವರ್ಷದ ಅಕ್ಟೋಬರ್ 31ರಂದು ನಾಗ್ಪುರದಲ್ಲಿ ನ್ಯೂಜಿಲೆಂಡಿನ ಮೂವರನ್ನು ಸಾಲಾಗಿ ಬೌಲ್ಡ್ ಮಾಡಿದರು. ವಿಶ್ವಕಪ್ ಇತಿಹಾಸದ ಮೊದಲ ಹ್ಯಾಟ್ರಿಕ್ ಅದು. ಯಾರು ಸ್ಟ್ರೀಟ್ ಫೈಟರ್ ಅಂತ ಮುಂದಿನ ಸಲ ಪಟ್ಟಿ ಮಾಡುವವರು ಈ ಹೆಸರನ್ನೂ ಬರೆದುಕೊಳ್ಳಿ.