ಸ್ಪೈಡರ್ ಗಿಡ ಮರಿ ಹಾಕದಿರಲು ಕಾರಣಗಳು

ಕೋಲಾರದಲ್ಲಿರುವ ನನ್ನ ನರ್ಸರಿಗೆ ಸ್ಪೈಡರ್ ಗಿಡದ ದೂರು ತರುವವರ ಮಾತು ಬಹುಪಾಲು ಒಂದೇ ಆಗಿರುತ್ತದೆ: ಗಿಡ ಸೊಂಪಾಗಿ ಬೆಳೆದಿದೆ, ಎರಡು ವರ್ಷವಾಗಿದೆ, ಕಡ್ಡಿಯ ತುದಿಯಲ್ಲಿ ತೂಗುವ ಮರಿಗಿಡ ಒಂದನ್ನೂ ಹಾಕಿಲ್ಲ. ಕುಂಡದ ಅಳತೆಯನ್ನೂ ಗೊಬ್ಬರದ ಲೆಕ್ಕವನ್ನೂ ವಿಚಾರಿಸಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಆಫ್ರಿಕಾ ಮೂಲದ ಈ ಗಿಡವನ್ನು ಕುಂಡದಿಂದ ಬಿಡಿಸಿ ನೋಡಿದರೆ ಎಳೆಯ ಮೂಲಂಗಿಯಂಥ ಬಿಳಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೀರನ್ನು ಕೂಡಿಟ್ಟುಕೊಳ್ಳುವುದು ಅವುಗಳಲ್ಲಿಯೇ. ಕುಂಡ ವಿಶಾಲವಾಗಿದ್ದಷ್ಟು ದಿನ ಗಿಡ ಬೇರು ಮತ್ತು ಎಲೆಗಳನ್ನೇ ಬೆಳೆಸುತ್ತ ಹೋಗುತ್ತದೆ, ಬೇರುಗಳಿಗೆ ಸ್ವಲ್ಪ ಇಕ್ಕಟ್ಟಾದ ಮೇಲೆಯೇ ಕಡ್ಡಿ ಹೊರಡಿಸಿ ಮರಿಗಳನ್ನು ಇಳಿಬಿಡುತ್ತದೆ. ಸಾರಜನಕದ ಗೊಬ್ಬರ ಅತಿಯಾದರೂ ಎಲೆಯೇ ಹೆಚ್ಚುತ್ತದೆ. ಹಾಗಾಗಿ ಸೊಂಪಾದ ಗಿಡವನ್ನು ಪ್ರೀತಿಯಿಂದ ಇನ್ನೂ ದೊಡ್ಡ ಕುಂಡಕ್ಕೆ ಬದಲಿಸುವವರನ್ನು ನಾನು ತಡೆಯುತ್ತೇನೆ, ಅದರಿಂದ ನನ್ನ ಕುಂಡದ ವ್ಯಾಪಾರಕ್ಕೆ ನಷ್ಟವೇ ಆದರೂ.

ಹೆಚ್ಚಿನವರ ಗಮನಕ್ಕೆ ಬಾರದಿರುವುದು ಹಗಲಿನ ಉದ್ದ. ಬೆಳೆದ ಗಿಡಕ್ಕೆ ಮೂರು ವಾರಗಳ ಕಾಲ ಹಗಲು 12 ಗಂಟೆಗಿಂತ ಕಡಿಮೆಯಿದ್ದು, ರಾತ್ರಿಯ ಕತ್ತಲೆಗೆ ಅಡ್ಡಿಯಾಗದಿದ್ದರೆ ಮರಿ ಹಾಕಲು ಪ್ರಚೋದನೆ ಸಿಗುತ್ತದೆ. ನಮ್ಮಲ್ಲಿ ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ ಹಗಲು ತಾನಾಗಿಯೇ ಅಷ್ಟು ಚಿಕ್ಕದಿರುತ್ತದೆ. ಆದರೆ ಹಜಾರದಲ್ಲಿ ಟಿವಿಯ ಪಕ್ಕದಲ್ಲಿಟ್ಟು ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಸಿದರೆ ಗಿಡದ ಪಾಲಿಗೆ ಆ ಚಳಿಗಾಲವೂ ಬೇಸಿಗೆಯೇ. ಸಂಜೆಯಾದ ಮೇಲೆ ದೀಪ ಹಾಕದ, ಪೂರ್ವದ ಕಿಟಕಿಯಿರುವ ಕೋಣೆಗೆ ಅದನ್ನು ಸಾಗಿಸುವುದು ಲೇಸು.

ಇನ್ನು ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಸ್ಪೈಡರ್ ಗಿಡಕ್ಕೆ ಅದು ಒಗ್ಗುವುದಿಲ್ಲ. ಎಲೆಯ ತುದಿ ಕಂದಾಗಿ ಒಣಗುತ್ತ ಬಂದಾಗ ನೀರು ಸಾಲದೆಂದು ಭಾವಿಸಿ ಅದೇ ನೀರನ್ನು ಇನ್ನಷ್ಟು ಸುರಿಯುವವರೇ ಹೆಚ್ಚು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಉತ್ತಮ, ಇಲ್ಲದಿದ್ದರೆ ಆರ್‌ಒ ಶುದ್ಧೀಕರಿಸಿದ ನೀರಾದೀತು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಫ್ಲೋರೈಡ್ ಇರುವುದರಿಂದ ಈ ಕುಂಡಕ್ಕೆ ಅದು ಬೇಡ. ಕೆಂಪು ಮಣ್ಣು, ಮರಳು, ಎರೆಗೊಬ್ಬರಗಳ ಮಿಶ್ರಣವೇ ಸಾಕು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ನಂತರವೇ ನೀರು ಹಾಕಬೇಕು.

ಮರಿ ಬಂದಿತೆಂದು ಕೂಡಲೇ ಕತ್ತರಿ ಹಿಡಿಯುವುದು ಬೇಡ. ಅದರ ಬುಡದಲ್ಲಿ ಗೋಧಿಕಾಳಿನಷ್ಟು ಗಾತ್ರದ ಬಿಳಿ ಬೇರಿನ ಮೊಳಕೆಗಳು ಕಾಣಿಸಿದಾಗ, ತಾಯಿಗಿಡದ ಪಕ್ಕದಲ್ಲಿ ಸಣ್ಣ ಕುಂಡವೊಂದನ್ನಿಟ್ಟು, ಬಗ್ಗಿಸಿದ ತಂತಿಯಿಂದ ಮರಿಯನ್ನು ಮಣ್ಣಿಗೆ ತಾಗುವಂತೆ ಒತ್ತಿಡಬೇಕು. ಎರಡು ಮೂರು ವಾರಗಳ ಬಳಿಕ ಮೆಲ್ಲನೆ ಎಳೆದು ನೋಡಿದಾಗ ಮರಿ ಮೇಲೇಳದಿದ್ದರೆ ಕಡ್ಡಿಯನ್ನು ಕತ್ತರಿಸಬಹುದು.